ಮಹಾವೀರಾಚಾರ್ಯರ ಸಂಖ್ಯಾಕಂಠಿಕೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರನ್ನು ಕೇಳಿದೊಡನೆ ಕನ್ನಡ ಸಾಹಿತ್ಯಾಭ್ಯಾಸಿಗಳ ನೆನಪಿಗೆ ಬರುವುದು 'ಕವಿರಾಜಮಾರ್ಗ'. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದೆಂಬುದೂ, ನೃಪತುಂಗನ ಆಸ್ಥಾನದ ಶ್ರೀವಿಜಯನು ಅದನ್ನು ರಚಿಸಿದನೆಂಬುದೂ ಸುವಿದಿತವಾದ ಸಂಗತಿಗಳು. ಕ್ರಿ.ಶ. ೮೧೪ರಿಂದ ೮೭೮ರವರೆಗೆ, ಅರವತ್ತು ವರ್ಷಗಳಿಗೂ ಮೀರಿ ಆಳಿದ ಈ ದೊರೆಯ ಹೆಸರು ಇನ್ನೊಂದು ಗ್ರಂಥದ ಆರಂಭದಲ್ಲಿಯೂ ಬರುತ್ತದೆ. ಅದು ಕಾವ್ಯವೂ ಅಲ್ಲ, ಅಲಂಕಾರಶಾಸ್ತ್ರವೂ ಅಲ್ಲ, ಗಣಿತಶಾಸ್ತ್ರ. ಸಂಸ್ಕೃತ ಭಾಷೆಯಲ್ಲಿ ಪದ್ಯರೂಪವಾಗಿ ರಚಿತವಾದ ಆ ಗ್ರಂಥದ ಹೆಸರು 'ಗಣಿತಸಾರಸಂಗ್ರಹ'. ಅದರ ಕರ್ತೃ ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು. ಕವಿರಾಜಮಾರ್ಗವನ್ನು ಬಲ್ಲವರೆಲ್ಲರೂ ಈ ಗ್ರಂಥವನ್ನು ಬಲ್ಲರೆಂದು ಹೇಳಲಾಗದು. ಒಂದೇ ಕಾಲದ, ಒಂದೇ ರಾಜಾಶ್ರಯದ ನೆರಳಿನಲ್ಲಿ ಬೆಳೆದ ಈ ಎರಡು ಕೃತಿಗಳಲ್ಲಿ ಒಂದನ್ನು ಸಾಹಿತಿಗಳಿಗೂ ಮತ್ತೊಂದನ್ನು ಗಣಿತಜ್ಞರಿಗೂ ಹಂಚಿಕೊಟ್ಟು ನಾವು ಸುಮ್ಮನಾಗಿದ್ದೇವೆ. ಆದರೆ ಗಣಿತಸಾರಸಂಗ್ರಹದಲ್ಲಿ ಬರುವ ಒಂದು ದೊಡ್ಡ ಸಂಖ್ಯೆಯು ಪ್ರಾಚೀನ ಗ್ರಂಥಗಳನ್ನು ಓದುವ ಸಾಹಿತ್ಯಾಭ್ಯಾಸಿಗೂ ಒಂದು ಪಾಠವನ್ನು ಹೇಳಿಕೊಡುವಂತಿದೆ. ಆ ಒಂದು ಸಂಖ್ಯೆಯ ಗುಣಧರ್ಮಗಳನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಆ ಸಂಖ್ಯೆ ಇದು:

೧೨೩೪೫೬೫೪೩೨೧

ಎಡದಿಂದ ಓದಿದರೂ ಬಲದಿಂದ ಓದಿದರೂ ಇದು ಒಂದೇ. ಒಂದರಿಂದ ಏರುತ್ತ ಏರುತ್ತ ಆರನ್ನು ಮುಟ್ಟಿ, ಬಂದ ಮೆಟ್ಟಿಲುಗಳಲ್ಲಿಯೇ ಇಳಿದು ಮತ್ತೆ ಒಂದಕ್ಕೆ ನಿಲ್ಲುತ್ತದೆ. ಹೀಗೆ ಎರಡು ಕಡೆಯಿಂದಲೂ ಸಮವಾಗಿ ಕಾಣುವ ಗುಣಲಬ್ಧಗಳನ್ನು ಮಹಾವೀರಾಚಾರ್ಯರು 'ಕಂಠಿಕಾ' ಎಂದೂ 'ಕಂಠಾಭರಣ' ಎಂದೂ ಕರೆದಿದ್ದಾರೆ. ನಡುವೆ ದೊಡ್ಡ ಮಣಿ, ಅದರ ಎರಡೂ ಪಕ್ಕದಲ್ಲಿ ಕ್ರಮವಾಗಿ ಚಿಕ್ಕದಾಗುತ್ತ ಹೋಗುವ ಮಣಿಗಳು—ರಾಜನ ಕೊರಳ ಹಾರಕ್ಕೆ ಇದಕ್ಕಿಂತ ಒಪ್ಪುವ ಹೋಲಿಕೆ ಸಿಗಲಾರದು.

೧. ಗ್ರಂಥದ ಸ್ವರೂಪ

ಗಣಿತಸಾರಸಂಗ್ರಹದಲ್ಲಿ ಒಂಬತ್ತು ಅಧಿಕಾರಗಳಿವೆ. ಮೊದಲನೆಯದು ಸಂಜ್ಞಾಧಿಕಾರ; ಉಳಿದ ಎಂಟು, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯಾ ಎಂಬ ವ್ಯವಹಾರಗಳು. ಗುಣಾಕಾರ ಭಾಗಾಕಾರಗಳಿಂದ ಮೊದಲಾಗಿ ಭಿನ್ನರಾಶಿ, ಬಡ್ಡಿ, ಭೂಮಿಯ ಅಳತೆ, ಗುಂಡಿಯ ಘನಫಲ, ನೆರಳಿನ ಲೆಕ್ಕ ಇವುಗಳವರೆಗೆ ಅಂದಿನ ಲೌಕಿಕ ಜೀವನಕ್ಕೆ ಬೇಕಾದ ಗಣಿತವೆಲ್ಲವೂ ಇಲ್ಲಿ ಅಡಕವಾಗಿದೆ. ಜ್ಯೋತಿಷ್ಯಗ್ರಂಥದ ಒಂದು ಅಂಗವಾಗಿರದೆ ಗಣಿತಕ್ಕೇ ಮೀಸಲಾಗಿರುವುದು ಈ ಗ್ರಂಥದ ವಿಶೇಷ. ಆರ್ಯಭಟ, ಬ್ರಹ್ಮಗುಪ್ತರಂತಹ ಹಿಂದಿನ ಆಚಾರ್ಯರು ಗಣಿತವನ್ನು ತಮ್ಮ ಸಿದ್ಧಾಂತಗ್ರಂಥಗಳ ಅಧ್ಯಾಯಗಳಾಗಿ ಹೇಳಿದ್ದುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಗ್ರಂಥಾರಂಭದಲ್ಲಿ ಆಚಾರ್ಯರು ಗಣಿತದ ಉಪಯೋಗವನ್ನು ವಿಸ್ತಾರವಾಗಿ ವರ್ಣಿಸುತ್ತಾರೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತುವಿದ್ಯೆ ಇವುಗಳ ಜೊತೆಯಲ್ಲಿಯೇ ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣಗಳನ್ನೂ ಹೆಸರಿಸಿ, ಇವೆಲ್ಲಕ್ಕೂ ಗಣಿತ ಬೇಕೆನ್ನುತ್ತಾರೆ. ಸಮುದ್ರದಿಂದ ರತ್ನವನ್ನು, ಕಲ್ಲಿನಿಂದ ಚಿನ್ನವನ್ನು, ಸಿಂಪಿನಿಂದ ಮುತ್ತನ್ನು ತೆಗೆಯುವಂತೆ ಪೂರ್ವಾಚಾರ್ಯರ ಸಂಖ್ಯಾಜ್ಞಾನದ ಕಡಲಿನಿಂದ ಸಾರವನ್ನಷ್ಟೇ ಸಂಗ್ರಹಿಸಿದ್ದೇನೆಂಬ ಅವರ ಮಾತು ಗ್ರಂಥದ ಹೆಸರನ್ನು ಸಾರ್ಥಕಗೊಳಿಸುತ್ತದೆ. ಹೀಗೆ ರತ್ನ, ಚಿನ್ನ, ಮುತ್ತುಗಳ ಮಾತಿನಿಂದ ಗ್ರಂಥವನ್ನು ತೆರೆದವರು ಗುಣಾಕಾರದ ಉದಾಹರಣೆಗಳಿಗೆ ಬಂದಾಗ ಹಾರವನ್ನೇ ಪೋಣಿಸಿ ಕೊಟ್ಟದ್ದು ಸಹಜವಾಗಿಯೇ ಇದೆ.

ಸಂಜ್ಞಾಧಿಕಾರದಲ್ಲಿ ಸಂಖ್ಯಾಸ್ಥಾನಗಳ ಹೆಸರುಗಳೂ ಬರುತ್ತವೆ. ಏಕ, ದಶ, ಶತ, ಸಹಸ್ರಗಳಿಂದ ಹೊರಟು ಮಹಾಕ್ಷೋಭದವರೆಗೆ ಒಟ್ಟು ಇಪ್ಪತ್ತನಾಲ್ಕು ಸ್ಥಾನಗಳನ್ನು ಅವರು ಹೆಸರಿಸುತ್ತಾರೆ. ನಮ್ಮ ಸಂಖ್ಯೆಗೆ ಹನ್ನೊಂದು ಸ್ಥಾನಗಳು. ಅವರ ಕ್ರಮದಲ್ಲಿ ಹನ್ನೊಂದನೆಯ ಸ್ಥಾನದ ಹೆಸರು ಅರ್ಬುದ. ಅಂದರೆ ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಮತ್ತೆ ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು. ಇಂದಿನ ರೂಢಿಯಲ್ಲಿ ಹೇಳುವುದಾದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

೨. ಪ್ರಶ್ನೆ

ಪರಿಕರ್ಮವ್ಯವಹಾರದ ಭಾಗಾಕಾರ ಪ್ರಕರಣದಲ್ಲಿ ಈ ಸಂಖ್ಯೆಯನ್ನು ಕುರಿತ ಪ್ರಶ್ನೆಯಿದೆ. ಅದರ ತಾತ್ಪರ್ಯ ಇಷ್ಟು: ಮಿತ್ರನೆ, ಒಂದರಿಂದ ಮೊದಲಾಗಿ ಆರರವರೆಗೆ ಏರಿ, ಬಳಿಕ ಕ್ರಮವಾಗಿ ಇಳಿಯುವಷ್ಟು ಚಿನ್ನದ ನಾಣ್ಯಗಳಿವೆ, ಅವನ್ನು ಇಂತಿಷ್ಟು ಜನರಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬನ ಪಾಲೆಷ್ಟು?

ಜನರ ಸಂಖ್ಯೆಯನ್ನು ಮಾತ್ರ ಆಚಾರ್ಯರು ನೇರವಾಗಿ ಹೇಳುವುದಿಲ್ಲ. 'ವಿಧು, ಜಲಧಿ, ಬಂಧ' ಎಂಬ ಮೂರು ಪದಗಳಿಂದ ಸೂಚಿಸುತ್ತಾರೆ. ಇದು ಭೂತಸಂಖ್ಯಾಪದ್ಧತಿ. ವಚನಸಾಹಿತ್ಯದ ಬೆಡಗನ್ನು ಬಲ್ಲ ವಾಚಕರಿಗೆ ಇದನ್ನು ತಿಳಿಸುವುದು ಸುಲಭ. ಬೆಡಗಿನಲ್ಲಿ ಐದು, ಆರು, ಎಂಟು ಎಂಬ ಸಂಖ್ಯೆಗಳು ಇಂದ್ರಿಯ, ಅರಿಷಡ್ವರ್ಗ, ಮದ ಮೊದಲಾದವುಗಳನ್ನು ಸೂಚಿಸುತ್ತವೆ. ಭೂತಸಂಖ್ಯೆಯಲ್ಲಿ ಕ್ರಮ ತಿರುಗಿ ನಿಂತಿದೆ. ವಸ್ತುವೇ ಸಂಖ್ಯೆಯನ್ನು ಸೂಚಿಸುತ್ತದೆ. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಅಗ್ನಿಯೆಂದರೆ ಮೂರು, ಸಮುದ್ರವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು. ಪದ್ಯದ ಛಂದಸ್ಸಿಗೆ ಒಗ್ಗುವ ಪದವನ್ನು ಆರಿಸಿಕೊಳ್ಳಲು ಕವಿಗೆ ಇದರಿಂದ ಅನುಕೂಲ. ಶಾಸನಗಳಲ್ಲಿಯೂ ಕಾವ್ಯಾಂತ್ಯಗಳಲ್ಲಿಯೂ ಶಕವರ್ಷವನ್ನು ಹೀಗೆ ಹೇಳಿರುವುದನ್ನು ಸಾಹಿತ್ಯಾಭ್ಯಾಸಿಗಳು ಕಂಡಿರುತ್ತಾರೆ. ಅಂಕಗಳ ನಡಿಗೆ ಎಡಕ್ಕೆ ಎಂಬುದು ಇಲ್ಲಿನ ನಿಯಮ. ಮೊದಲು ಹೇಳಿದ ಪದ ಏಕಸ್ಥಾನಕ್ಕೆ, ಎರಡನೆಯದು ದಶಸ್ಥಾನಕ್ಕೆ, ಮೂರನೆಯದು ಶತಸ್ಥಾನಕ್ಕೆ ಸಲ್ಲುತ್ತವೆ. ಆದ್ದರಿಂದ ವಿಧು ಒಂದು, ಜಲಧಿ ನಾಲ್ಕು, ಬಂಧ ನಾಲ್ಕು. ಒಟ್ಟು ೪೪೧ ಜನ.

ಬಂಧವೆಂದರೆ ನಾಲ್ಕು ಹೇಗೆ? ಜೈನಸಿದ್ಧಾಂತದಲ್ಲಿ ಕರ್ಮಬಂಧವು ಪ್ರಕೃತಿ, ಸ್ಥಿತಿ, ಅನುಭಾಗ, ಪ್ರದೇಶ ಎಂದು ನಾಲ್ಕು ಬಗೆ. ಆ ಸಿದ್ಧಾಂತದ ಪರಿಚಯವಿಲ್ಲದವನಿಗೆ ಈ ಪದ ಒಂದು ತೊಡಕೇ ಸರಿ. ಈ ತೊಡಕಿನ ವಿಚಾರಕ್ಕೆ ಮುಂದೆ ಬರೋಣ.

೩. ಉತ್ತರ ಮತ್ತು ಅದರ ಮರ್ಮ

ಭಾಗಾಕಾರಕ್ಕೆ ಆಚಾರ್ಯರು ಹೇಳುವ ವಿಧಾನ ಇದು: ಭಾಜ್ಯವನ್ನು ಮೇಲೆಯೂ ಭಾಜಕವನ್ನು ಕೆಳಗೆಯೂ ಬರೆದುಕೊಂಡು, ಎರಡಕ್ಕೂ ಸಮಾನವಾಗಿರುವ ಅಪವರ್ತನಗಳನ್ನು ತೆಗೆದುಹಾಕುತ್ತ ಭಾಗಿಸಬೇಕು. ೪೪೧ ಎಂಬುದು ೯, ೭, ೭ ಇವುಗಳ ಗುಣಲಬ್ಧ. ನಮ್ಮ ಸಂಖ್ಯೆಯ ಅಂಕಗಳನ್ನು ಕೂಡಿದರೆ ೩೬ ಬರುವುದರಿಂದ ಅದು ಒಂಬತ್ತರಿಂದ ಭಾಗವಾಗುತ್ತದೆಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ. ಒಂಬತ್ತರಿಂದ ಭಾಗಿಸಿದರೆ ೧೩೭೧೭೩೯೩೬೯. ಅದನ್ನು ಏಳರಿಂದ ಭಾಗಿಸಿದರೆ ೧೯೫೯೬೨೭೬೭. ಮತ್ತೊಮ್ಮೆ ಏಳರಿಂದ ಭಾಗಿಸಿದರೆ ೨೭೯೯೪೬೮೧. ಶೇಷವಿಲ್ಲ. ಒಬ್ಬೊಬ್ಬನಿಗೆ ಎರಡು ಕೋಟಿ ಎಪ್ಪತ್ತೊಂಬತ್ತು ಲಕ್ಷ ತೊಂಬತ್ತನಾಲ್ಕು ಸಾವಿರದ ಆರುನೂರ ಎಂಬತ್ತೊಂದು ನಾಣ್ಯಗಳು ಸಲ್ಲುತ್ತವೆ. ಇದೇ ೨೭೯೯೪೬೮೧ನ್ನು ೪೪೧ರಿಂದ ಗುಣಿಸಿ ಕಂಠಿಕೆಯನ್ನು ಪಡೆಯುವ ಲೆಕ್ಕ ಅದೇ ಅಧಿಕಾರದ ಗುಣಾಕಾರ ಪ್ರಕರಣದಲ್ಲಿ ಹಿಂದೆಯೇ ಬಂದಿರುತ್ತದೆ. ಅಲ್ಲಿ ಪೋಣಿಸಿದ ಹಾರವನ್ನು ಇಲ್ಲಿ ಬಿಡಿಸಿದಂತಾಯಿತು.

ಬಿಡಿಸಿದ ಮಣಿಗಳಲ್ಲಿ ಹಾರದ ಅಂದ ಕಾಣುವುದಿಲ್ಲ. ೨೭೯೯೪೬೮೧ ಎಂಬುದನ್ನು ನೋಡಿ, ಇದರೊಳಗೆ ಅಷ್ಟು ಕ್ರಮಬದ್ಧವಾದ ರೂಪವೊಂದು ಅಡಗಿದೆಯೆಂದು ಯಾರೂ ಊಹಿಸಲಾರರು. ಹಾಗಾದರೆ ಆ ಕ್ರಮ ಎಲ್ಲಿಂದ ಬಂದಿತು?

ಆರು ಒಂದುಗಳನ್ನು ಸಾಲಾಗಿ ಬರೆದ ೧೧೧೧೧೧ ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ನೋಡಬೇಕು. ಗುಣಕದ ಪ್ರತಿಯೊಂದು ಅಂಕವೂ ಒಂದೇ ಆದುದರಿಂದ ಪ್ರತಿಯೊಂದು ಸಾಲಿನಲ್ಲಿಯೂ ಅದೇ ೧೧೧೧೧೧ ಬರುತ್ತದೆ. ಆದರೆ ಒಂದೊಂದು ಸಾಲು ಒಂದೊಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಿಂತ ಆರು ಸಾಲುಗಳನ್ನು ಕೂಡಿದರೆ ಬಲತುದಿಯ ಕಂಬದಲ್ಲಿ ಒಂದು, ಅದರ ಪಕ್ಕದಲ್ಲಿ ಎರಡು, ಮುಂದೆ ಮೂರು, ನಾಲ್ಕು, ಐದು, ನಡುವಿನ ಕಂಬದಲ್ಲಿ ಆರು ಒಂದುಗಳು ಸೇರುತ್ತವೆ. ಬಳಿಕ ಅದೇ ಕ್ರಮದಲ್ಲಿ ಇಳಿಯುತ್ತವೆ. ನಮ್ಮ ಸಂಖ್ಯೆ ೧೧೧೧೧೧ರ ವರ್ಗ. ಅದರ ಕಂಠಿಕಾರೂಪಕ್ಕೆ ಇದೇ ಕಾರಣ.

ಇನ್ನು ೧೧೧೧೧೧ನ್ನು ಬಿಡಿಸಿದರೆ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯ ಸಂಖ್ಯೆಗಳು ದೊರೆಯುತ್ತವೆ. ಆದುದರಿಂದ ನಮ್ಮ ಸಂಖ್ಯೆಯಲ್ಲಿ ಈ ಐದೂ ಎರಡೆರಡು ಸಲ ಇರುತ್ತವೆ. ಬೇರೆ ಯಾವ ಅವಿಭಾಜ್ಯವೂ ಅದರಲ್ಲಿಲ್ಲ. ಈಗ ಆಚಾರ್ಯರ ಪ್ರಶ್ನೆಗೆ ಮರಳಿ ನೋಡಿದರೆ ಅದರ ಮರ್ಮ ತಿಳಿಯುತ್ತದೆ. ಮೂರು ಮತ್ತು ಏಳನ್ನು ಗುಣಿಸಿದರೆ ೨೧. ಅದರ ವರ್ಗವೇ ೪೪೧. ಉಳಿದ ೧೧, ೧೩, ೩೭ನ್ನು ಗುಣಿಸಿದರೆ ೫೨೯೧. ಅದರ ವರ್ಗವೇ ೨೭೯೯೪೬೮೧. ಜನರ ಸಂಖ್ಯೆಯೂ ವರ್ಗ, ಒಬ್ಬೊಬ್ಬನ ಪಾಲೂ ವರ್ಗ, ಒಟ್ಟು ಧನವೂ ವರ್ಗ. ಕೈಗೆ ಸಿಕ್ಕ ಯಾವುದೋ ಸಂಖ್ಯೆಯನ್ನು ಯಾವುದೋ ಸಂಖ್ಯೆಯಿಂದ ಗುಣಿಸಿದಾಗ ಹೀಗೆ ಆಗುವುದಿಲ್ಲ. ಹಾರವನ್ನು ಮೊದಲು ಮನಸ್ಸಿನಲ್ಲಿ ಕಂಡು, ಅದರ ಅಪವರ್ತನಗಳನ್ನು ಬೇರೆ ಬೇರೆ ಮಾಡಿ, ಎರಡು ಗುಂಪಾಗಿ ಹಂಚಿ, ಬಳಿಕ ಶಿಷ್ಯನ ಮುಂದೆ ಇಟ್ಟಂತೆ ತೋರುತ್ತದೆ.

ಈ ಹಾರವನ್ನು ಎಷ್ಟು ಉದ್ದ ಬೆಳೆಸಬಹುದು? ಒಂಬತ್ತು ಒಂದುಗಳ ಸಂಖ್ಯೆಯನ್ನು ವರ್ಗಿಸಿದರೆ ೧೨೩೪೫೬೭೮೯೮೭೬೫೪೩೨೧ ಎಂಬ ಪೂರ್ಣವಾದ ಕಂಠಿಕೆ ದೊರೆಯುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಕಂಬದ ಮೊತ್ತ ಹತ್ತಾಗಿ, ದಶಕವು ಎಡಕ್ಕೆ ಸರಿದು, ೧೨೩೪೫೬೭೯೦೦೯೮೭೬೫೪೩೨೧ ಎಂದಾಗುತ್ತದೆ. ಹಾರ ಅಲ್ಲಿಗೆ ಹರಿಯಿತು. ಒಂಬತ್ತೇ ಮೇರೆ. ಈ ಮೇರೆಯು ನಾವು ಹತ್ತನ್ನು ಆಧಾರವಾಗಿಟ್ಟುಕೊಂಡು ಎಣಿಸುವುದರಿಂದ ಬಂದುದೇ ಹೊರತು ಬೇರೆ ಕಾರಣದಿಂದಲ್ಲ.

೪. ಉಳಿದ ಹಾರಗಳು

ಗುಣಾಕಾರ ಪ್ರಕರಣದಲ್ಲಿ ಇಂತಹ ಹಾರಗಳು ಹಲವಿವೆ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ೧೧೧೧೧೧೧೧೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ೧೪೨೮೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೧೦೦೦೧. ೧೪೨೮೫೭೧೪೩ನ್ನು ಅದೇ ಏಳರಿಂದ ಗುಣಿಸಿದರೆ ೧೦೦೦೦೦೦೦೦೧. ೧೧೦೧೧೦೧೧ನ್ನು ೯೧ರಿಂದ ಗುಣಿಸಿದರೆ ೧೦೦೨೦೦೨೦೦೧. ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧.

ಇವುಗಳಲ್ಲಿ ಕೆಲವಕ್ಕೆ ಕೀಲಿಕೈ ಒಂದೇ. ೭, ೧೧, ೧೩ ಇವುಗಳ ಗುಣಲಬ್ಧ ೧೦೦೧. ನಮ್ಮ ೧೧೧೧೧೧ ಎಂಬುದು ೧೧೧ನ್ನು ೧೦೦೧ರಿಂದ ಗುಣಿಸಿದಾಗ ಬರುವುದು. ೧೦೦೨೦೦೨೦೦೧ ಎಂಬುದು ೧೦೦೧೦೦೧ನ್ನು ೧೦೦೧ರಿಂದ ಗುಣಿಸಿದಾಗ ಬರುವುದು. ಅದರಿಂದ ಏಳನ್ನೂ ಹದಿಮೂರನ್ನೂ ತೆಗೆದು ೯೧ ಮಾಡಿ ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ೧೧೦೧೧೦೧೧ ಉಳಿಯುತ್ತದೆ. ೧೦೦೦೦೦೦೦೦೧ ಕೂಡ ೧೦೦೧ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದಲೇ ಏಳರಿಂದ ಭಾಗವಾಗುತ್ತದೆ. ಒಂದೇ ಅಚ್ಚಿನಿಂದ ಅಕ್ಕಸಾಲಿಗನು ಬೇರೆ ಬೇರೆ ಆಭರಣಗಳನ್ನು ತೆಗೆದಂತಿದೆ.

ಇಲ್ಲಿ ಸೊನ್ನೆಯ ಪಾತ್ರವೂ ಗಮನಾರ್ಹ. ಶೂನ್ಯವೆಂಬ ಮಾತಿಗೆ ಅನುಭಾವಿಗಳ ವಾಣಿಯಲ್ಲಿರುವ ಅರ್ಥವೇ ಬೇರೆ. ಅದನ್ನು ಇಲ್ಲಿಗೆ ತರುವುದು ಯುಕ್ತವಲ್ಲ. ಗಣಿತದ ಶೂನ್ಯವು ಖಾಲಿಯಾದ ಸ್ಥಾನವನ್ನು ಕಾದಿಡುವ ಚಿಹ್ನೆ. ೧೦೦೦೧೦೦೦೧ ಎಂಬಲ್ಲಿ ಮಣಿಗಳು ಮೂರೇ. ಉಳಿದದ್ದೆಲ್ಲ ಅವುಗಳನ್ನು ಸಮಾನವಾದ ದೂರದಲ್ಲಿ ಹಿಡಿದು ನಿಲ್ಲಿಸಿದ ದಾರ. ದಾರವಿಲ್ಲದೆ ಹಾರವಿಲ್ಲ.

೫. ಇದು ಕೇವಲ ಚಮತ್ಕಾರವೆ?

ಇಂತಹ ಲೆಕ್ಕಗಳನ್ನು ಬುದ್ಧಿಯ ಆಟವೆಂದು, ಚಿತ್ರಕವಿತ್ವದಂತೆ ಚಮತ್ಕಾರಮಾತ್ರವೆಂದು ತಳ್ಳಿಹಾಕುವವರಿದ್ದಾರೆ. ಇದರಲ್ಲಿ ವಿನೋದವಿಲ್ಲವೆಂದು ಹೇಳಬೇಕಾಗಿಲ್ಲ. ವಿನೋದದಿಂದ ಕಲಿಸುವುದು ಒಳ್ಳೆಯ ಉಪಾಧ್ಯಾಯನ ಲಕ್ಷಣವೇ. ಆದರೆ ವಿನೋದದಾಚೆಗೆ ಮೂರು ಪ್ರಯೋಜನಗಳನ್ನು ಇಲ್ಲಿ ಕಾಣಬಹುದು.

ಮೊದಲನೆಯದು, ಸ್ಥಾನಮೌಲ್ಯಪದ್ಧತಿಗೆ ಇದು ಹೇಳುವ ಸಾಕ್ಷ್ಯ. ಒಂದರಿಂದ ಆರಕ್ಕೇರಿ ಇಳಿಯುವುದೆಂಬ ವರ್ಣನೆಯು ಸಂಖ್ಯೆಯ ಪ್ರಮಾಣವನ್ನು ಕುರಿತದ್ದಲ್ಲ, ಅದರ ಬರವಣಿಗೆಯನ್ನು ಕುರಿತದ್ದು. ಅರ್ಬುದ, ಕೋಟಿ, ಲಕ್ಷಗಳೆಂಬ ಹೆಸರುಗಳಲ್ಲಿ ಹಾರವಿಲ್ಲ. ಅಂಕಗಳನ್ನು ಸ್ಥಾನಕ್ರಮದಲ್ಲಿ ಸಾಲಾಗಿ ಬರೆದಾಗ ಮಾತ್ರ ಅದು ಕಣ್ಣಿಗೆ ಕಾಣುತ್ತದೆ. ಆಚಾರ್ಯರು ಆ ವರ್ಣನೆಯಿಂದಲೇ ಸಂಖ್ಯೆಯನ್ನು ಹೇಳಿ ಮುಗಿಸುತ್ತಾರೆಂದರೆ, ಕೇಳುವ ಶಿಷ್ಯನಿಗೆ ಶೂನ್ಯಸಹಿತವಾದ ದಶಮಾನ ಬರವಣಿಗೆ ಕೈಗೆ ಚೆನ್ನಾಗಿ ರೂಢಿಯಾಗಿತ್ತೆಂದು ತಿಳಿಯಬೇಕು. ಒಂಬತ್ತನೆಯ ಶತಮಾನದ ನಮ್ಮ ನಾಡಿನ ವಿದ್ಯಾಭ್ಯಾಸವನ್ನು ಕುರಿತ ಸ್ಪಷ್ಟವಾದ ಸಾಕ್ಷ್ಯವಿದು. ಇನ್ನೊಂದು ಸ್ವಾರಸ್ಯವೂ ಇದೆ. ಭೂತಸಂಖ್ಯೆಯನ್ನು ಬಲದಿಂದ ಎಡಕ್ಕೆ ಓದಬೇಕು, ಬರೆದ ಅಂಕವನ್ನು ಎಡದಿಂದ ಬಲಕ್ಕೆ ಓದುತ್ತೇವೆ. ಈ ಎರಡರ ನಡುವೆ ಶಿಷ್ಯನು ತಪ್ಪುವ ಸಂಭವ ಹೆಚ್ಚು. ಕಂಠಿಕೆಯೊಂದರಲ್ಲಿ ಮಾತ್ರ ಆ ತಪ್ಪಿಗೆ ಎಡೆಯಿಲ್ಲ, ಅದು ಯಾವ ಕಡೆಯಿಂದ ಬಂದರೂ ಅದೇ.

ಎರಡನೆಯದು, ಉತ್ತರವೇ ಪರೀಕ್ಷಕನಾಗಿ ನಿಲ್ಲುವುದು. ೨೭೯೯೪೬೮೧ರಲ್ಲಿ ಒಂದು ಅಂಕವನ್ನು ತಪ್ಪಾಗಿ ಬರೆದುಕೊಂಡು ೪೪೧ರಿಂದ ಗುಣಿಸಿದರೆ ಕಂಠಿಕೆ ಬರುವುದಿಲ್ಲ. ಕೂಡುವಾಗ ದಶಕವೊಂದನ್ನು ಮರೆತರೂ ಬರುವುದಿಲ್ಲ. ಗುರು ಎದುರಿಗಿಲ್ಲದಿದ್ದರೂ ಶಿಷ್ಯನು ತನ್ನ ಹಲಗೆಯನ್ನು ತಾನೇ ನೋಡಿ, ಲೆಕ್ಕ ಸರಿಯೋ ತಪ್ಪೋ ಎಂದು ತೀರ್ಮಾನಿಸಬಹುದು.

ಮೂರನೆಯದು ಸಾಹಿತ್ಯಾಭ್ಯಾಸಿಗಳು ವಿಶೇಷವಾಗಿ ಗಮನಿಸತಕ್ಕದ್ದು. ಇದು ಪಾಠಶೋಧನೆಗೆ ಸಂಬಂಧಿಸಿದುದು. ತಾಳೆಗರಿಯ ಗ್ರಂಥವು ಪ್ರತಿಯಿಂದ ಪ್ರತಿಗೆ ಇಳಿದು ಬರುವಾಗ ಪದ್ಯದ ಅಕ್ಷರಗಳನ್ನು ಛಂದಸ್ಸು ಕಾಯುತ್ತದೆ. ಅಕ್ಷರ ಬಿಟ್ಟುಹೋದರೆ ಗಣ ಕೆಡುತ್ತದೆ, ಪ್ರಾಸ ತಪ್ಪುತ್ತದೆ. ಆದರೆ ಪದ್ಯದಲ್ಲಿ ಅಡಗಿದ ಸಂಖ್ಯೆಯನ್ನು ಕಾಯುವವರಾರು? 'ಬಂಧ' ಎಂಬುದು ಎಷ್ಟನ್ನು ಸೂಚಿಸುತ್ತದೆಂಬುದನ್ನು ಛಂದಸ್ಸು ಹೇಳಲಾರದು.

ಈಗ ಹಿಂದೆ ಹೇಳಿದ ತೊಡಕಿಗೆ ಬರೋಣ. ಜೈನರ ಕರ್ಮಸಿದ್ಧಾಂತವನ್ನು ತಿಳಿಯದ ಓದುಗನೊಬ್ಬನ ಕೈಗೆ ಈ ಪ್ರಶ್ನೆ ಸಿಕ್ಕಿತೆಂದು ಭಾವಿಸೋಣ. ವಿಧುವಿನಿಂದ ಒಂದು, ಜಲಧಿಯಿಂದ ನಾಲ್ಕು ಎಂಬಷ್ಟು ಅವನಿಗೆ ಗೊತ್ತು. ಶತಸ್ಥಾನದ ಅಂಕ ಮಾತ್ರ ತಿಳಿಯದು. ಆಗ ಜನರ ಸಂಖ್ಯೆ ೧೪೧, ೨೪೧, ೩೪೧, ೪೪೧, ೫೪೧, ೬೪೧, ೭೪೧, ೮೪೧, ೯೪೧ ಇವುಗಳಲ್ಲಿ ಒಂದಾಗಿರಬೇಕು. ಸಮನಾಗಿ ಹಂಚಬೇಕಾದರೆ ಆ ಸಂಖ್ಯೆಯು ಕಂಠಿಕೆಯನ್ನು ನಿಶ್ಶೇಷವಾಗಿ ಭಾಗಿಸಬೇಕು. ಕಂಠಿಕೆಯಲ್ಲಿರುವ ಅವಿಭಾಜ್ಯಗಳು ೩, ೭, ೧೧, ೧೩, ೩೭ ಮಾತ್ರ. ೧೪೧ರಲ್ಲಿ ೪೭ ಇದೆ, ಅದು ಸಲ್ಲದು. ೩೪೧ರಲ್ಲಿ ೩೧ ಇದೆ, ೭೪೧ರಲ್ಲಿ ೧೯ ಇದೆ, ೮೪೧ ಎಂಬುದು ೨೯ರ ವರ್ಗ, ಇವೂ ಸಲ್ಲವು. ೨೪೧, ೫೪೧, ೬೪೧, ೯೪೧ ಇವು ತಾವೇ ಅವಿಭಾಜ್ಯಗಳು, ಇವೂ ಸಲ್ಲವು. ಉಳಿಯುವುದು ೪೪೧ ಒಂದೇ. ಸಮುದ್ರಗಳು ಏಳೆಂಬ ಪುರಾಣಪ್ರಸಿದ್ಧಿಯನ್ನು ನೆನೆದು ಜಲಧಿಯನ್ನು ಏಳೆಂದು ತಿಳಿದವನಿದ್ದರೆ ಅವನು ೧೭೧, ೨೭೧ ಎಂದು ಮೊದಲಾಗಿ ೯೭೧ರವರೆಗೆ ಪರೀಕ್ಷಿಸಬೇಕು. ಅವುಗಳಲ್ಲಿ ಒಂದೂ ಕಂಠಿಕೆಯನ್ನು ಭಾಗಿಸುವುದಿಲ್ಲ. ನಮ್ಮ ಸಂಖ್ಯೆಗೆ ಒಟ್ಟು ೨೪೩ ಭಾಜಕಗಳಿದ್ದರೂ, ೪೧ರಲ್ಲಿ ಕೊನೆಗೊಳ್ಳುವ ಮೂರಂಕಿಯ ಭಾಜಕ ಇದೊಂದೇ. ಹೀಗೆ ನಿಘಂಟಿನ ನೆರವಿಲ್ಲದೆ, ಟೀಕಾಕಾರನ ನೆರವಿಲ್ಲದೆ, ಹಾರವೇ ತನ್ನನ್ನು ಹಂಚಿಕೊಳ್ಳುವವರ ಸಂಖ್ಯೆಯನ್ನು ಗೊತ್ತುಮಾಡಿಕೊಡುತ್ತದೆ. ಬಂಧವೆಂದರೆ ನಾಲ್ಕೆಂಬ ಶಾಸ್ತ್ರದ ಅರ್ಥವೂ ಗಣಿತದ ತೀರ್ಮಾನವೂ ಇಲ್ಲಿ ಕೂಡಿಬರುತ್ತವೆ.

ಶಾಸನದಲ್ಲಿಯೋ ಕಾವ್ಯಾಂತ್ಯದಲ್ಲಿಯೋ ಬರುವ ಶಕವರ್ಷಕ್ಕೆ ಇಂತಹ ರಕ್ಷೆಯಿಲ್ಲ. ಅಲ್ಲಿ ಒಂದು ಪದಕ್ಕೆ ಎರಡು ಅರ್ಥಗಳು ಸಾಧ್ಯವಾದಾಗ ಸಂವತ್ಸರದ ಹೆಸರು, ತಿಥಿ, ವಾರಗಳನ್ನು ಹೋಲಿಸಿ ನಿರ್ಣಯಿಸಬೇಕಾಗುತ್ತದೆ. ಮೂಲಸೂತ್ರ ಎರಡು ಕಡೆಯೂ ಒಂದೇ: ಅರ್ಥವನ್ನು ನಮ್ಮ ಇಷ್ಟದಂತೆ ಹಚ್ಚದೆ, ಪಾಠದ ಒಳಗೇ ಇರುವ ಬೇರೊಂದು ಸಾಕ್ಷಿಯನ್ನು ಹುಡುಕಿ ಅದರೊಡನೆ ತಾಳೆ ನೋಡಬೇಕು.

೬. ಗ್ರಂಥವು ಉಳಿದು ಬಂದ ಬಗೆ

ಗಣಿತಸಾರಸಂಗ್ರಹವು ದಕ್ಷಿಣದಲ್ಲಿ ಬಹುಕಾಲ ಪಠ್ಯವಾಗಿತ್ತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದ ಗ್ರಂಥಗಳನ್ನು ರಚಿಸಿ ಗಣಿತವನ್ನು ದೇಶಭಾಷೆಯಲ್ಲಿ ಬೆಳೆಸಿದನು. ವಲ್ಲಭನೆಂಬುವನು ಮೂಲಗ್ರಂಥಕ್ಕೆ ಕನ್ನಡದಲ್ಲಿ ಟೀಕೆಯನ್ನು ಬರೆದನು. ಮಠಗಳಲ್ಲಿಯೂ ವಿದ್ವಾಂಸರ ಮನೆಗಳಲ್ಲಿಯೂ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಅದು ಉಳಿದುಬಂದಿತು.

ಆಧುನಿಕ ವಿದ್ವತ್‌ಪ್ರಪಂಚಕ್ಕೆ ಅದನ್ನು ಪರಿಚಯಿಸಿದವರು ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು. ಮದರಾಸು, ಮೈಸೂರು, ಮೂಡುಬಿದಿರೆಗಳಿಂದ ದೊರೆತ ಹಸ್ತಪ್ರತಿಗಳನ್ನು ಪರಿಶೀಲಿಸಿ, ಇಂಗ್ಲಿಷ್ ಅನುವಾದದೊಡನೆ ಅವರು ೧೯೧೨ರಲ್ಲಿ ಮೂಲವನ್ನು ಪ್ರಕಟಿಸಿದರು. ಅಮೆರಿಕದ ಗಣಿತೇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅದಕ್ಕೆ ಪೀಠಿಕೆಯನ್ನು ಬರೆದರು. ಎಲ್. ಸಿ. ಜೈನ್ ಅವರ ಹಿಂದಿ ಅನುವಾದ ೧೯೬೩ರಲ್ಲಿ ಸೊಲ್ಲಾಪುರದಿಂದ ಹೊರಬಂದಿತು. ಪದ್ಮಾವತಮ್ಮನವರ ಕನ್ನಡ ಅನುವಾದ ೨೦೦೦ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಮಾನ್ಯಖೇಟದ ಅರಸನ ಕಾಲದಲ್ಲಿ ಹುಟ್ಟಿದ ಗ್ರಂಥವೊಂದು ಹೀಗೆ ಸಾವಿರದ ನೂರು ವರ್ಷಗಳಿಗೂ ಮೀರಿದ ಕಾಲದ ಬಳಿಕ ಕನ್ನಡದಲ್ಲಿ ಅಚ್ಚಾಯಿತು. ಇಷ್ಟು ಕೈಗಳನ್ನು ದಾಟಿ ಬಂದರೂ ನಮ್ಮ ಕಂಠಿಕೆಯ ಒಂದು ಮಣಿಯೂ ಸ್ಥಾನ ತಪ್ಪಿಲ್ಲ. ತಪ್ಪಿದ್ದರೆ ಲೆಕ್ಕ ಮಾಡಬಲ್ಲ ಯಾವ ಓದುಗನಾದರೂ ಅದನ್ನು ಮತ್ತೆ ಸರಿಪಡಿಸಬಹುದಾಗಿತ್ತು.

ಪೂರ್ವಿಕರನ್ನು ಕೊಂಡಾಡುವಾಗ ಅವರು ಎಲ್ಲವನ್ನೂ ಬಲ್ಲರೆಂದು ಹೇಳುವುದು ಅವರಿಗೆ ಮಾಡುವ ಗೌರವವಲ್ಲ. ಸಂಖ್ಯೆಯೊಂದನ್ನು ಶೂನ್ಯದಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಮಹಾವೀರಾಚಾರ್ಯರು ಹೇಳಿರುವುದು ಸರಿಯಲ್ಲ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಅದನ್ನು ಖಹರವೆಂದು ಕರೆದು ಬೇರೆ ರೀತಿಯಲ್ಲಿ ವಿಚಾರ ಮಾಡಿದರು. ಅದೇ ಮಹಾವೀರಾಚಾರ್ಯರು ಋಣಸಂಖ್ಯೆಯು ಯಾವುದರ ವರ್ಗವೂ ಆಗಿರದ ಕಾರಣ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಭಿನ್ನರಾಶಿಗಳನ್ನು ಕೂಡುವುದಕ್ಕೆ 'ನಿರುದ್ಧ'ವೆಂಬ ಹೆಸರಿನಿಂದ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸಿದರು. ಒಪ್ಪನ್ನೂ ತಪ್ಪನ್ನೂ ನಾವು ಬೇರೆ ಮಾಡಿ ಹೇಳಲು ಸಾಧ್ಯವಾಗುವುದು ಅವರು ತಮ್ಮ ಮಾತನ್ನು ಪರೀಕ್ಷೆಗೆ ಸಿಗುವಂತೆ ಸ್ಪಷ್ಟವಾಗಿ ಹೇಳಿದ್ದರಿಂದಲೇ. ಶಾಸ್ತ್ರಕಾರನಿಗೆ ಇದು ಕಡಿಮೆ ಗುಣವಲ್ಲ.

ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟವು ಇಂದು ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಡದ ಮಳಖೇಡವಾಗಿ ಉಳಿದಿದೆ. ಆ ಚಕ್ರವರ್ತಿಯ ಕೊರಳನ್ನು ಅಲಂಕರಿಸಿದ ಚಿನ್ನದ ಹಾರ ನಮ್ಮ ಪಾಲಿಗೆ ಉಳಿದಿಲ್ಲ. ಅವನ ಕಾಲದ ಆಚಾರ್ಯನೊಬ್ಬನು ಅಂಕಗಳಿಂದ ಪೋಣಿಸಿದ ಹಾರ ಉಳಿದಿದೆ. ಅದನ್ನು ನೋಡಬೇಕಾದರೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕಾಗಿಲ್ಲ. ಮನೆಯ ಮಗುವಿನ ಕೈಗೆ ಹಲಗೆ ಬಳಪಗಳನ್ನು ಕೊಟ್ಟು, ೨೭೯೯೪೬೮೧ನ್ನು ೪೪೧ರಿಂದ ಗುಣಿಸು ಎಂದು ಹೇಳಿದರೆ ಸಾಕು.